ಒಪ್ಪಿಗೆಯ ನೀರು

ನಮ್ಮ ಸರ್ ಅವರ ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಸುಲಿದ ಬೆಳ್ಳುಳ್ಳಿ ಎಸಳಿನಂತೆ ಬೆಳ್ಳಗೆ, ನುಣ್ಣಗೆ ಹೊಳೆಯುತ್ತಿದ್ದವು. ದ್ರವ ಸಾರಜನಕ ಸುಟ್ಟ ಗುರುತು ಅದು. ಬೆಂಕಿ ಸುಟ್ಟರೆ ಕಪ್ಪಾಗುತ್ತದೆ, ಥಂಡಿ ಸುಟ್ಟರೆ ಬಿಳುಪಾಗುತ್ತದೆ ಎಂದು ನಾನು ಕಲಿತದ್ದು ಆ ಬೆರಳುಗಳಿಂದ. ಕುದಿಯುವ ಚಹಾದ ಬಸಿಯನ್ನು ಅವರು ಅವೆರಡು ಬೆರಳಲ್ಲೇ ಹಿಡಿಯುತ್ತಿದ್ದರು. ಬಿಸಿ ತಾಕುತ್ತಿರಲಿಲ್ಲ. ಮಾತು ಮಾತ್ರ ಬೇಗ ತಾಕುತ್ತಿತ್ತು, ತಾಕಿದ್ದು ಹೋಗುತ್ತಿರಲಿಲ್ಲ.

ಲಿಂಗಸುಗೂರಿನ ಡಿಗ್ರಿ ಕಾಲೇಜೊಂದರಲ್ಲಿ ಅವರು ರಸಾಯನಶಾಸ್ತ್ರ ಕಲಿಸುತ್ತಿದ್ದರು. ನಾನು ಮಸ್ಕಿಯವಳು. ಅಪ್ಪ ಕುರಿ ಕಾಯುತ್ತಿದ್ದ. ಅವ್ವ ಸಿಂಧನೂರು ಕಡೆಯ ಕಾಲುವೆ ಗದ್ದೆಗಳಿಗೆ ನಾಟಿಗೆ, ಕೊಯ್ಲಿಗೆ ಹೋಗುತ್ತಿದ್ದಳು. ನಮ್ಮ ವಂಶದಲ್ಲಿ ನನಗಿಂತ ಮೊದಲು ಯಾರೂ ಕಾಲೇಜಿನ ಮೆಟ್ಟಿಲು ಹತ್ತಿರಲಿಲ್ಲ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಹೆಮ್ಮೆಯಿದೆ. ಎಂಬತ್ತರ ದಶಕದ ಕೊನೆಯ ಮಾತು. ಬಸ್ಸಿನಲ್ಲಿ ನಿಂತು ಹೋಗಿ ನಿಂತು ಬರುತ್ತಿದ್ದೆ.

ಮೊದಲ ದಿನ ಹಾಜರಿ ಕರೆಯುವಾಗ ಸರ್ ನನ್ನ ಅಪ್ಪನ ಕಸುಬು ಕೇಳಿದರು.

"ಕುರಿ ಕಾಯ್ತಾನ್ರಿ," ಅಂದೆ.

ಹಿಂದಿನ ಬೆಂಚಿನಿಂದ ಯಾರೋ "ಬ್ಯಾ..." ಅಂದರು. ಕ್ಲಾಸು ನಕ್ಕಿತು.

ಸರ್ ನಗಲಿಲ್ಲ. "ಯಾರ್ಲೇ ಅದು? ಎದ್ದು ನಿಂದ್ರು. ಛಲೋ ಅಂತಿ, ಇನ್ನೊಮ್ಮೆ ಅನ್ನು. ಘಂಟಿ ಹೊಡಿಯೋ ತನಕ ಅನಕೋತ ನಿಂದ್ರು."

ಹುಡುಗ ಅಂದ. ಮೊದಮೊದಲು ನಗುತ್ತ, ಆಮೇಲೆ ತಲೆ ತಗ್ಗಿಸಿ, ಕೊನೆಗೆ ಕಣ್ಣೀರು ಹಾಕುತ್ತ. ಸರ್ ಪಾಠ ಮಾಡುತ್ತಲೇ ಇದ್ದರು. ಅವನು ನಿಲ್ಲಿಸಿದಾಗಲೆಲ್ಲ ಸೀಮೆಸುಣ್ಣ ತೋರಿಸುತ್ತಿದ್ದರು. ನನಗೆ ಹೆದರಿಕೆಯಾಯಿತು, ಒಳಗೊಳಗೇ ಸಂತೋಷವೂ ಆಯಿತು. ನನ್ನ ಪರವಾಗಿ ಜಗತ್ತಿನಲ್ಲಿ ಒಬ್ಬರು ಸೇಡು ತೀರಿಸಿಕೊಂಡದ್ದು ಅದೇ ಮೊದಲು.

ಅವರು ಯಾಕೆ ಹಾಗೆ ಎಂದು ತಿಳಿದದ್ದು ಆಮೇಲೆ. ಅವರೂ ಕುರಿಯವರ ಮಗ, ಗುರುಗುಂಟಾದವರು. ಅವರ ಅಪ್ಪ ಕುರಿ ಮಾರಿ ಹಟ್ಟಿ ಚಿನ್ನದ ಗಣಿಯಲ್ಲಿ ಪಾಳಿಗೆ ಇಳಿದು ಮಗನನ್ನು ಓದಿಸಿದ್ದ. ಮಗ ಎಂ.ಎಸ್ಸಿ. ಮುಗಿಸಿ ಬಹಳ ದೂರದ ದೊಡ್ಡ ವಿಶ್ವವಿದ್ಯಾಲಯವೊಂದಕ್ಕೆ ಪಿಎಚ್.ಡಿ.ಗೆ ಹೋದರು. ಅಲ್ಲಿನ ಅವರ ಮಾರ್ಗದರ್ಶಕರನ್ನು ನಾನು ಇಲ್ಲಿ ಪ್ರೊಫೆಸರ್ ಎಂದಷ್ಟೇ ಕರೆಯುತ್ತೇನೆ. ಓದಿದರೆ ಅವರಿಗೆ ಗೊತ್ತಾಗುತ್ತದೆ. ಗೊತ್ತಾಗಲಿ ಎಂದೇ ಬರೆಯುತ್ತಿದ್ದೇನೆ.

ಸರ್ ಹಿಡಿದ ವಿಷಯ ಕೇಳಲು ಕಠಿಣ, ಅವರ ಬಾಯಲ್ಲಿ ಸುಲಭ. "ನೋಡವಾ, ಹಟ್ಟಿ ಗಣ್ಯಾಗ ಪಾಳಿಗೆ ಇಳಿಯೋ ಮುಂದ ಕೈಯಾಗ ಬಿಲ್ಲೆ ಕೊಡ್ತಾರ. ಬಿಲ್ಲೆ ಇದ್ದಾವ ಕೆಲಸಕ್ಕ ಇಳೀತಾನ, ಇಲ್ಲದಾವ ಗ್ವಾಡಿಗೆ ಒರಗಿ ಬೀಡಿ ಸೇದ್ತಾನ. ಮೈಯಾಗಿನ ಪ್ರೊಟೀನೂ ಹಂಗ. ಫಾಸ್ಫೇಟ್ ಅನ್ನೋ ಬಿಲ್ಲೆ ಹತ್ತಿದ್ರ ಎದ್ದು ದುಡೀತೈತಿ, ಬಿಲ್ಲೆ ಕಳಚಿದ್ರ ಮಲಗ್ತೈತಿ. ಕುರಿ ಒಂದ, ರಗತ ಒಂದ. ಆದ್ರ ಕಲೇಜ್ಯಾಗ ಎಷ್ಟು ಪ್ರೊಟೀನಿಗೆ ಬಿಲ್ಲೆ ಐತಿ, ತೊಡಿ ಖಂಡದಾಗ ಎಷ್ಟಕ್ಕೈತಿ, ಭೇಜಾದಾಗ ಎಷ್ಟಕ್ಕೈತಿ? ಅದು ಬ್ಯಾರೆ ಬ್ಯಾರೆ. ಎಷ್ಟು ಬ್ಯಾರೆ ಅನ್ನೋದ ನನ್ನ ಪ್ರಶ್ನೆ."

ತೊಡೆಯ ಖಂಡದಲ್ಲಿ ಬಿಲ್ಲೆ ಹತ್ತಿದ ಪ್ರೊಟೀನು ಯಾರೂ ನಂಬದಷ್ಟು ಹೆಚ್ಚು ಎಂದು ಸರ್ ಅವರ ಅಂಕಿಗಳು ಹೇಳಿದವು. ಪ್ರೊಫೆಸರ್ ಅದೇ ಕೆಲಸವನ್ನು ಇನ್ನೊಬ್ಬ ವಿದ್ಯಾರ್ಥಿಯಿಂದ ನಗರದ ಕಸಾಯಿಖಾನೆಯ ಕುರಿಗಳ ಮೇಲೆ ಮಾಡಿಸಿದರು. ಅಂಕಿ ತೀರ ಕಡಿಮೆ ಬಂತು. ವಿಭಾಗದ ಸಭೆಯಲ್ಲಿ ಎಲ್ಲರೆದುರು ಅವರು ಹೇಳಿದ ಮಾತನ್ನು ಸರ್ ನನಗೆ ಹೇಳಿದ್ದು ಒಂದೇ ಸಲ, ಅದೂ ಪ್ರೊಫೆಸರರ ಧಾಟಿಯಲ್ಲೇ: "ಇವು ಅಳೆದ ಅಂಕಿಗಳಲ್ಲ, ಮನೆಯಲ್ಲಿ ಕೂತು ಬರೆದವು. ಕುರಿ ಕಾಯುವವರಿಗೆ ಲ್ಯಾಬು ಕೊಟ್ಟರೆ ಸಿಗುವುದು ಅಂಕಿಯಲ್ಲ, ಹಿಕ್ಕೆ."

ಸಭೆ ನಕ್ಕಿತಂತೆ. ಸರ್ ಪೆಟ್ಟಿಗೆ ಕಟ್ಟಿಕೊಂಡು ಬಂದುಬಿಟ್ಟರು.

ಬಂದವರು ಸುಮ್ಮನೆ ಕೂರಲಿಲ್ಲ. ಕಾಲೇಜಿನ ಹಿಂದಿನ ಸಾಮಾನು ಕೋಣೆಯನ್ನು ಪ್ರಯೋಗಶಾಲೆ ಮಾಡಿಕೊಂಡರು. ಪ್ರಾಣಿ ಸತ್ತ ಮರುಕ್ಷಣದಿಂದ ಬಿಲ್ಲೆಗಳು ಕಳಚುತ್ತವೆ, ಹತ್ತುತ್ತವೆ. ಹಾಗಾಗಿ ಅಂಗಾಂಶವನ್ನು ಕೊಯ್ದ ತಕ್ಷಣ ಹೆಪ್ಪುಗಟ್ಟಿಸಬೇಕು. ಅದಕ್ಕೆ ಬೇಕಾದ ದ್ರವ ಸಾರಜನಕ ನಮ್ಮ ಸೀಮೆಯಲ್ಲಿ ಒಂದೇ ಕಡೆ ಸಿಗುತ್ತಿತ್ತು: ಪಶು ಆಸ್ಪತ್ರೆಯಲ್ಲಿ. ಹೋರಿಯ ವೀರ್ಯವನ್ನು ಕಾಪಿಡುವ ಕ್ಯಾನಿನಲ್ಲಿ. ಅಲ್ಲಿಯ ಕಂಪೌಂಡರನ ಸ್ನೇಹ ಮಾಡಿ ಒಂದು ಹಳೇ ಕ್ಯಾನು ಸಂಪಾದಿಸಿದ್ದರು. ಸಿಂಧನೂರಿನ ಅಕ್ಕಿ ಗಿರಣಿಗಳ ಪಕ್ಕದ ಲೇತ್ ಅಂಗಡಿಯಲ್ಲಿ ದಪ್ಪ ಅಲ್ಯೂಮಿನಿಯಂ ಹಲಗೆಗಳ ಇಕ್ಕಳ ಮಾಡಿಸಿದ್ದರು. ಸಾರಜನಕದಲ್ಲಿ ಅದ್ದಿದ ಆ ಇಕ್ಕಳದಿಂದ ಮಾಂಸವನ್ನು ಒತ್ತಿ ಹಿಡಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದು ಬಿಲ್ಲೆ ಸಮೇತ ಕಲ್ಲಾಗುತ್ತಿತ್ತು. ಒಮ್ಮೆ ಆ ಇಕ್ಕಳಕ್ಕೆ ಅವರ ಬೆರಳೇ ಸಿಕ್ಕಿತ್ತು.

ಸೋರುವ ಹಳೇ ಭಟ್ಟಿ ಇಳಿಸುವ ಪಾತ್ರೆಗೆ ಅವರು ಇಟ್ಟ ಹೆಸರು 'ಪ್ರೊಫೆಸರ್'. "ಪ್ರೊಫೆಸರ್ರ ಬುಡಕ್ಕ ಒಂಚೂರು ಬೆಂಕಿ ಹಚ್ಚವಾ," ಅನ್ನುತ್ತಿದ್ದರು. "ಇವತ್ತ ಪ್ರೊಫೆಸರ್ರು ಭಾಳ ಸೋರಾಕತ್ಯಾರ." ಮನೆಯಲ್ಲೂ ಅದೇ ಧ್ಯಾನ. ಅವರ ಹೆಂಡತಿಯನ್ನು ನಾನು ಅಮ್ಮಾರು ಅನ್ನುತ್ತಿದ್ದೆ. ಅವರು ರೊಟ್ಟಿ ಬಡಿಯುತ್ತ ನನಗೆ ದೂರು ಹೇಳುವರು: "ಬ್ಯಾರೆ ಹೆಂಗಸರಿಗೆ ಸವತಿ ಕಾಟ ಹೆಣ್ಣಿಂದ. ನನಗ ನೋಡವಾ, ಮೀಸಿ ಇದ್ದ ಸವತಿ. ಊಟಕ್ಕ ಕುಂತ್ರ ಅವನ ಸುದ್ದಿ, ಹಾಸಿಗ್ಯಾಗ ಅವನ ಸುದ್ದಿ."

ಸರ್ ಗೋಡೆ ನೋಡುತ್ತ ಹೇಳುವರು: "ಅವ ತನ್ನ ಮಾತು ಹಿಂದಕ್ಕ ತಗೊಂಡ ದಿನ ನಿನ್ನ ಸುದ್ದಿ ಚಾಲೂ ಮಾಡ್ತೀನಿ, ತಡಿ."

ನಾನು ಎರಡನೇ ವರ್ಷಕ್ಕೆ ಬಂದಾಗ ನನ್ನನ್ನು ಕೆಲಸಕ್ಕೆ ಹಚ್ಚಿದರು. ಮಸ್ಕಿಯ ಮಟನ್ ಅಂಗಡಿಯಲ್ಲಿ ಕುರಿ ಕೊಯ್ಯುವ ಹೊತ್ತಿಗೆ ನಾನು ಕ್ಯಾನು, ಇಕ್ಕಳ ಹಿಡಿದು ನಿಲ್ಲಬೇಕು. ಕಾಲೇಜು ಹುಡುಗಿ ಹಾಗೆ ನಿಂತದ್ದನ್ನು ನೋಡಲು ಜನ ಸೇರುತ್ತಿದ್ದರು. ಬಸ್ಸಿನಲ್ಲಿ ಕ್ಯಾನಿನ ಬಾಯಿಂದ ಬಿಳಿ ಹೊಗೆ ಏಳುತ್ತಿತ್ತು.

"ಏನಬೇ ತಂಗಿ ಇದು, ಹೊಗಿ ಬರಾಕತ್ತೈತಿ?" ಎಂದು ಕಂಡಕ್ಟರ್ ಕೇಳಿದ.

"ದನದ ದವಾಖಾನಿ ಕ್ಯಾನ್ ಐತ್ರಿ ಅಣ್ಣಾರ. ಹೋರಿದು."

"ಅಂದ್ರ ಒಳಗ ಹೋರಿ ಐತಿ ಅನ್ನು. ಹಂಗಾರ ಅದಕ್ಕ ಫುಲ್ ಟಿಕೀಟೋ, ಹಾಫೋ?"

ಬಸ್ಸು ತುಂಬ ನಗು. ನಾನೂ ನಕ್ಕೆ. ಆದರೆ ಲಿಂಗಸುಗೂರಿನಲ್ಲಿ ನಗುವ ಪರಿಸ್ಥಿತಿ ಇರಲಿಲ್ಲ.

ನಮ್ಮ ಅಳತೆ ಹೀಗೆ. ಹೆಪ್ಪುಗಟ್ಟಿದ ಖಂಡವನ್ನು ಪುಡಿ ಮಾಡಿ ರಸ ತೆಗೆದು ಎರಡು ನಳಿಕೆಗೆ ಹಾಕುವುದು. ಒಂದಕ್ಕೆ ಏನೂ ಸೇರಿಸುವುದಿಲ್ಲ. ಅಲ್ಲಿ ದುಡಿಯುವುದು ಬಿಲ್ಲೆ ಇರುವ ಪ್ರೊಟೀನು ಮಾತ್ರ. ಇನ್ನೊಂದಕ್ಕೆ ಒಂದು ಮದ್ದು ಹಾಕುವುದು. ಅದು ಬಿದ್ದರೆ ಬಿಲ್ಲೆ ಇಲ್ಲದ್ದೂ ಎದ್ದು ದುಡಿಯುತ್ತದೆ. ದುಡಿದಷ್ಟೂ ಬಣ್ಣ ನೀಲಿ. ಎರಡು ನೀಲಿಗಳನ್ನು ಹೋಲಿಸಿದರೆ ಎಷ್ಟಕ್ಕೆ ಬಿಲ್ಲೆ ಇತ್ತೆಂದು ತಿಳಿಯುತ್ತದೆ. ಕಲೇಜಿಯ, ಅಂದರೆ ಯಕೃತ್ತಿನ ಪ್ರೊಟೀನು ಆ ಮದ್ದಿಗೂ ಜಗ್ಗುವುದಿಲ್ಲ, ಬಿಲ್ಲೆಯೇ ಬೇಕು. ಅದಕ್ಕೆ ಬೇರೆ ವಿಧಾನ. "ಒಂದ ಮೈಯಾಗಿದ್ರೂ ಒಂದೊಂದರ ಹಟ ಒಂದೊಂದು," ಅನ್ನುತ್ತಿದ್ದರು ಸರ್.

ಕಲೇಜಿ ಅವರ ಹಳೆಯ ಅಂಕಿಗೆ ಹತ್ತಿರವೇ ಬಂತು. ತೊಡೆಯ ಖಂಡ ಬರಲಿಲ್ಲ. ಮತ್ತೆ ಮತ್ತೆ ಮಾಡಿದೆ. ಬಂದದ್ದು ಪ್ರೊಫೆಸರರ ಅಂಕಿಯೇ, ಕಡಿಮೆಯ ಅಂಕಿ.

ಸರ್ ಉರಿದುಬಿದ್ದರು. "ನಿನ್ನ ಕೈ ಜಡ. ಇಕ್ಕಳ ಎತ್ತೋದರಾಗ ಬಿಲ್ಲೆ ಎಲ್ಲಾ ಉದುರಿ ಹೋಗ್ತಾವ. ಮತ್ತ ಮಾಡು."

"ಸರ, ಇದಕ್ಕಿಂತ ಜಲ್ದಿ ಆಗಂಗಿಲ್ರಿ."

"ಆಗಂಗಿಲ್ಲ ಅಂದ್ರ ಹೋಗಿ ಕುರಿ ಕಾಯಿ."

ಆ ಮಾತು ಅವರ ಬಾಯಿಂದಲೇ ಬಂತು. ಬಂದ ಮೇಲೆ ಅವರ ಮುಖ ಸಣ್ಣದಾಯಿತು. ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾನು ಸಿಟ್ಟಿನಿಂದ ಕ್ಯಾನು ಎತ್ತಿಕೊಂಡು ಹೋದೆ.

ಆ ವಾರ ಗುರುಗುಂಟಾದಲ್ಲಿ ನನ್ನ ಸೋದರಮಾವನ ಮನೆಯಲ್ಲಿ ದೇವರಿಗೆ ಹರಕೆಯ ಕುರಿ ಇತ್ತು. ಕ್ಯಾನನ್ನು ಅಲ್ಲಿಗೇ ಒಯ್ದೆ. ನಮ್ಮ ಕಡೆ ದೇವರ ಕುರಿಯನ್ನು ಹಾಗೇ ಕೊಯ್ಯುವುದಿಲ್ಲ. ಅರಿಶಿನದ ನೀರನ್ನು ಅದರ ತಲೆಗೆ, ಬೆನ್ನಿಗೆ, ಕಿವಿಗೆ ಹಾಕಿ ಕಾಯುತ್ತಾರೆ. ಕುರಿ ಮೈ ಜಾಡಿಸಬೇಕು. ಜಾಡಿಸಿದರೆ ಒಪ್ಪಿಗೆ ಕೊಟ್ಟಿತು ಎಂದು ಅರ್ಥ. ಕೊಡದಿದ್ದರೆ ಮತ್ತೆ ನೀರು, ಮತ್ತೆ ಬೇಡಿಕೆ. ಅಂದಿನ ಕುರಿ ಹಟಮಾರಿ. ತಣ್ಣೀರು ಬಿದ್ದಂತೆ ನಡುಗುತ್ತದೆ, ಕಾಲು ಕೊಸರುತ್ತದೆ, ಜಾಡಿಸುವುದಿಲ್ಲ. ಡೊಳ್ಳಿನ ಸದ್ದಿಗೆ ಅದರ ಕಣ್ಣು ಹೊರಬಂದಿದ್ದವು. ಅತ್ತೆ ಕೈ ಮುಗಿದು, "ಏನ್ ತಪ್ಪಾಗೈತಿ ಹೇಳಪಾ," ಎಂದು ಅಳುತ್ತಿದ್ದಳು. ಕೊನೆಗೆ ಕಿವಿಯಿಂದ ಬಾಲದ ತನಕ ಝಲ್ಲನೆ ಜಾಡಿಸಿತು. ಎಲ್ಲರೂ ಹೋ ಎಂದರು. ಕೊಯ್ದ ಕೂಡಲೇ ನಾನು ತೊಡೆಯ ಖಂಡಕ್ಕೆ ಇಕ್ಕಳ ಒತ್ತಿದೆ.

ಲಿಂಗಸುಗೂರಿಗೆ ಬಂದು ಅಳೆದರೆ ಎರಡೂ ನಳಿಕೆ ಒಂದೇ ನೀಲಿ! ಸರ್ ಅವರ ಹಳೆಯ ಅಂಕಿ, ಯಾರೂ ನಂಬದ ಆ ಅಂಕಿ, ಬಣ್ಣ ಅಳೆಯುವ ಉಪಕರಣದ ಮುಳ್ಳಿನ ತುದಿಯಲ್ಲಿ ನಿಂತಿತ್ತು.

ಸರ್ ಮೇಜು ಗುದ್ದಿದರು. "ನೋಡಿದಿ? ನಾ ಏನಂದಿದ್ದೆ? ಕೈ ತಿದ್ದಿಕೊಂಡಿ ನೋಡು!"

ನನ್ನ ಕೈ ಬದಲಾಗಿರಲಿಲ್ಲ. ನಾನು ಕೇಳಿದೆ: "ಸರ, ಆ ಯೂನಿವರ್ಸಿಟಿ ಊರಾಗ ನಿಮ್ಮ ಕುರಿಗೆ ನೀರು ಹಾಕಿಸ್ತಿದ್ರೇನ್ರಿ?"

"ಹಾಕಿಸದ ಬಿಡ್ತೀನೇನ? ಒಪ್ಪಿಗಿ ಇಲ್ಲದ ಕೊಯ್ದ್ರ ಅದು ಕೊಲಿ ಆಕ್ಕತಿ. ನಾನ ನಿಂತು ಹಾಕತಿದ್ದೆ. ಅಲ್ಲ, ಅದನ್ನೇನ ಕೇಳ್ತಿ..."

ಮಾತು ಅಲ್ಲಿಗೇ ನಿಂತಿತು. ಅವರಿಗೆ ನಾನು ಬಿಡಿಸಿ ಹೇಳಬೇಕಾಗಲಿಲ್ಲ. ಹೆದರಿದ, ನಡುಗಿದ ಕುರಿಯ ತೊಡೆ ಓಡಲು ಸಿದ್ಧವಾಗಿ ನಿಂತಿರುತ್ತದೆ. ಕೆಲಸಕ್ಕೆ ಕರೆ ಬಂದು ಎಲ್ಲ ಪ್ರೊಟೀನಿಗೂ ಬಿಲ್ಲೆ ಹತ್ತಿರುತ್ತದೆ. ಮಸ್ಕಿಯ ಅಂಗಡಿಯಲ್ಲೂ ನಗರದ ಕಸಾಯಿಖಾನೆಯಲ್ಲೂ ನೀರಿಲ್ಲ, ಡೊಳ್ಳಿಲ್ಲ, ಕಾಯುವವರಿಲ್ಲ. ಸರ್ ಅಳೆದದ್ದು ತೊಡೆಯ ಸಹಜ ಸ್ಥಿತಿಯನ್ನಲ್ಲ, ಗುರುಗುಂಟಾದ ಭಕ್ತಿ ಎಬ್ಬಿಸಿದ ಭಯವನ್ನು.

ಅವರು ಸ್ಟೂಲಿನ ಮೇಲೆ ಕೂತರು. "ಮನೀಗೆ ಹೋಗು," ಅಂದರು. ಆಮೇಲೆ ಎಷ್ಟೋ ದಿನ ಆ ಕೋಣೆಗೆ ಬೀಗ. ಕ್ಲಾಸಿನಲ್ಲಿ ನನ್ನ ಕಡೆ ನೋಡುತ್ತಿರಲಿಲ್ಲ. ನಾನು ಅವರ ಸೇಡನ್ನೇ ಕೊಂದುಬಿಟ್ಟೆ ಅನಿಸಿತು.

ಒಂದು ದಿನ ಅವರೇ ಬೀಗ ತೆಗೆದು ನನ್ನನ್ನು ಕರೆದರು. ಬರಲಿರುವ ಸಿಂಧನೂರಿನ ವಿಜ್ಞಾನ ಸಮ್ಮೇಳನದ ಮುಖ್ಯ ಅತಿಥಿ ಯಾರೆಂದು ಗೊತ್ತಾಗಿತ್ತು. ಅದೇ ಪ್ರೊಫೆಸರ್.

"ಸರ, ನಿಮ್ಮ ಅಂಕಿ ತಪ್ಪು ಅಂತ ಅವರು ಅಂದದ್ದು..."

"ಅವ ತಪ್ಪು ಅನ್ನಲಿಲ್ಲಬೇ!" ಅವರು ನನ್ನತ್ತ ತಿರುಗಿದರು. "ತಪ್ಪು ಅಂದಿದ್ರ ತಲಿ ತಗ್ಗಿಸಿ ಬಂದು ಸುಮ್ಮ ಕುಂದರ್ತಿದ್ದೆ. ತಪ್ಪು ನಂದ, ಒಪ್ಪಿದೆ. ಅವ ಸುಳ್ಳ ಅಂದ. ಮನ್ಯಾಗ ಕುಂತು ಬರದಾನ ಅಂದ. ಕುರಿ ಹೆಂಗ ಕೊಯ್ಸಿದಿ ಅಂತ ಒಂದು ಮಾತು ಕೇಳಲಿಲ್ಲ. ಆ ಅಂಕಿ ಅವನ ಬಾಯಿಂದ ಓದಿಸ್ತೀನಿ, ಮೈಕಿನ್ಯಾಗ."

ಓದಿಸಿದರು. ಸಮ್ಮೇಳನ ನಡೆಸುವ ಪ್ರಿನ್ಸಿಪಾಲರನ್ನು ಹೇಗೆ ಒಲಿಸಿದರೋ, ದೀಪ ಹಚ್ಚುವ ಬದಲು ಅತಿಥಿಗಳು ಉಪಕರಣದ ಮುಳ್ಳು ನೋಡಿ ಅಂಕಿ ಓದಿ ಉದ್ಘಾಟಿಸುವುದೆಂದು ಠರಾವಾಯಿತು. ಮಧ್ಯಾಹ್ನದ ಊಟಕ್ಕೆ ತಂದ ಕುರಿಗಳಲ್ಲಿ ಎರಡನ್ನು ನಾವು ಬೇರೆ ಮಾಡಿದೆವು. ಒಂದನ್ನು ಮೇಯುತ್ತಿದ್ದಂತೆ ಸದ್ದಿಲ್ಲದೆ ಕೊಯ್ಯಿಸಿದೆವು, ಇನ್ನೊಂದಕ್ಕೆ ಒಪ್ಪಿಗೆಯ ನೀರು.

ಪ್ರೊಫೆಸರ್ ಒಳ್ಳೆಯ ಸೂಟಿನಲ್ಲಿ ಬಂದಿದ್ದರು. ಇದೇನು ಹೊಸ ಬಗೆ ಎಂದು ಖುಷಿಯಾದರು. ಬಿಳಿ ದಾರ ಕಟ್ಟಿದ ನಳಿಕೆಗಳನ್ನು ಇಟ್ಟೆ. ಅಂಕಿ ಓದಿದರು, ಚಪ್ಪಾಳೆ. ಕೆಂಪು ದಾರದವನ್ನು ಇಟ್ಟೆ. ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದರು.

"ಇದು ಯಾವ ಅಂಗಾಂಶ?" ಎಂದು ಕೇಳಿದರು.

"ಎರಡೂ ತೊಡೆಯ ಖಂಡವೇ ಸರ್. ಎರಡನೇ ಕುರಿ ಕೊಯ್ಯುವ ಮೊದಲು ಹೆದರಿತ್ತು," ಎಂದು ನಾನು ಮೈಕಿನಲ್ಲಿ ಹೇಳಿದೆ. "ಇದೇ ಅಂಕಿಯನ್ನು ನಮ್ಮ ಸರ್ ನಿಮ್ಮೆದುರು ಓದಿದ್ದರು. ಆಗ ನೀವು, ಇವು ಅಳೆದ ಅಂಕಿಗಳಲ್ಲ, ಹಿಕ್ಕೆ ಎಂದಿದ್ದಿರಿ."

ಅವರು ನಕ್ಕರು. "ನಾನೇ? ಯಾವಾಗಮ್ಮ? ನನಗಂತೂ ನೆನಪಿಲ್ಲ."

ಹಿಂದಿನ ಸಾಲಿನಲ್ಲಿ ಸರ್ ಎದ್ದು ನಿಂತರು. "ನನಗ ನೆನಪೈತ್ರಿ. ದೇವರ ಪದ್ಧತಿ ಅಂತ ನೀರು ಹಾಕಿದ್ದು ನಂದು ತಪ್ಪು, ಇಷ್ಟು ಮಂದಿ ಮುಂದ ಒಪ್ಪಕೊಂತೀನಿ. ಸುಳ್ಳ ಬರದಾನ ಅಂದದ್ದು ನಿಮ್ಮದು. ಅದನ್ನ ಹಿಂದಕ್ಕ ತಗೊಳ್ರಿ."

ಪ್ರೊಫೆಸರ್ ಈಗ ಅವರ ಗುರುತು ಹಿಡಿದರು. "ಓಹೋ, ನೀವಾ! ಹಳೆಯದೆಲ್ಲ ಯಾಕೆ ಈಗ? ಬನ್ನಿ, ಮತ್ತೆ ರಿಜಿಸ್ಟರ್ ಮಾಡಿಸೋಣ. ಪಿಎಚ್.ಡಿ. ಮುಗಿಸಿಕೊಡೋಣ."

"ಡಿಗ್ರಿ ಬ್ಯಾಡ್ರಿ. ಮಾತು ತಗೊಳ್ರಿ."

"ಅದು ಅಷ್ಟು ದೊಡ್ಡ ವಿಷಯ ಅಲ್ಲ ಕಣ್ರೀ..."

"ಹಂಗಾರ ಸಣ್ಣ ಮಾತಾತಲ್ರಿ, ತಗೊಳ್ರಿ."

ಪ್ರಿನ್ಸಿಪಾಲರು ಮೈಕು ಕಸಿದು ಊಟ ಆರುತ್ತಿದೆ ಎಂದರು. ಪ್ರೊಫೆಸರ್ ಆ ಕುರಿಗಳ ಖಂಡವನ್ನೇ ಎರಡೆರಡು ಸಲ ಹಾಕಿಸಿಕೊಂಡು ಉಂಡು, ಕೈ ಒರೆಸಿಕೊಂಡು ಕಾರು ಹತ್ತಿದರು. ಮಾತು ಮಾತ್ರ ತೆಗೆದುಕೊಳ್ಳಲಿಲ್ಲ.

ಬಸ್ಸಿನಲ್ಲಿ ಬರುವಾಗ ನಾನು ಅಳುತ್ತಿದ್ದೆ. "ಗೆದ್ವಿ ಅಲ್ರಿ ಸರ?" ಅಂದೆ.

"ಅರ್ಧ," ಅಂದರು. "ಉಳಿದರ್ಧ ಇಲ್ಲಿ ಕುಂತು ಆಗಂಗಿಲ್ಲ. ನೀ ಓದು. ಅವ ಇರೋ ಊರಿಗೆ ಹೋಗು. ದಿನಾ ಅವನ ಕಣ್ಣಿಗೆ ಬೀಳು."

ಜನ ಗುರುವಿಗೆ ಋಣಿ ಎನ್ನುವಾಗ ವಿದ್ಯೆಯ ಮಾತಾಡುತ್ತಾರೆ. ವಿದ್ಯೆ ನನಗೂ ಅವರೇ ಕೊಟ್ಟರು. ಆದರೆ ಹಾಸ್ಟೆಲಿನ ಹಸಿವಿನಲ್ಲಿ, ಇಂಗ್ಲಿಷ್ ಬಾರದೆ ನಗೆಗೀಡಾದ ದಿನಗಳಲ್ಲಿ ನನ್ನನ್ನು ನಿಲ್ಲಿಸಿದ್ದು ಅವರು ಕೊಟ್ಟ ಸಿಟ್ಟು. ಎಂ.ಎಸ್ಸಿ. ಮಾಡಿದೆ, ಪಿಎಚ್.ಡಿ. ಮಾಡಿದೆ, ಅದೂ ಅಂಗಾಂಶದಿಂದ ಅಂಗಾಂಶಕ್ಕೆ ಬಿಲ್ಲೆ ಹೇಗೆ ಬದಲಾಗುತ್ತದೆ ಎಂಬುದರ ಮೇಲೆಯೇ. ತೊಂಬತ್ತರ ದಶಕದಲ್ಲಿ ಪ್ರೊಫೆಸರ್ ಇದ್ದ ಅದೇ ವಿಭಾಗಕ್ಕೆ ಉಪನ್ಯಾಸಕಿಯಾಗಿ ಸೇರಿದೆ. ವಿಭಾಗದ ಪ್ರತಿ ಸಭೆಯ ಕೊನೆಗೆ ಕೈ ಎತ್ತಿ, "ಸರ್, ಆ ಮಾತು?" ಎಂದು ಕೇಳುತ್ತಿದ್ದೆ. ಮೊದಲು ನಕ್ಕರು, ಆಮೇಲೆ ಗದರಿದರು, ಕೊನೆಗೆ ನಾನಿರುವ ಸಭೆಗೆ ಬರುವುದನ್ನೇ ಕಡಿಮೆ ಮಾಡಿದರು.

ಸರ್ ಎದೆನೋವಿನಿಂದ ತೀರಿಕೊಂಡ ಸುದ್ದಿ ಬಂದಾಗ ನಾನು ಕ್ಲಾಸಿನಲ್ಲಿದ್ದೆ. ಗುರುಗುಂಟಾ ಮುಟ್ಟುವಷ್ಟರಲ್ಲಿ ಮಣ್ಣು ಆಗಿತ್ತು. ಅಮ್ಮಾರು ಗೋಡೆಗೆ ಒರಗಿ ಕೂತಿದ್ದರು. ನನ್ನ ಕೈ ಹಿಡಿದು ಕೇಳಿದ್ದು ಒಂದೇ ಮಾತು: "ಮಾತು ತಗೊಂಡಾನೇನವಾ ಅವ?"

"ಇಲ್ರಿ ಅಮ್ಮಾರ."

ಜೀವಮಾನವಿಡೀ ಆ ಹೆಸರಿಗೆ ಬೈದಿದ್ದ ಹೆಂಗಸು ಕಣ್ಣೊರೆಸಿಕೊಂಡು, "ಹಂಗಾರ ಬಿಡಬ್ಯಾಡ," ಅಂದರು.

ಮರುವರ್ಷ ಪ್ರೊಫೆಸರರ ಬೀಳ್ಕೊಡುಗೆ. ಶಾಲು, ಹಾರ, ಹೊಗಳಿಕೆ. ಕಿರಿಯ ಸಹೋದ್ಯೋಗಿಯಾಗಿ ನನಗೂ ನಾಲ್ಕು ಮಾತಿಗೆ ಕರೆದರು. ಸರ್ ಅವರ ಪೂರ್ತಿ ಹೆಸರು, ಊರಿನ ಹೆಸರು ಹೇಳಿದೆ. ಅವರು ತೀರಿಕೊಂಡರು ಎಂದೆ. ಪ್ರೊಫೆಸರ್ ಅಂದು ಆಡಿದ ಮಾತನ್ನು ಅವರ ಧಾಟಿಯಲ್ಲೇ, ಒಂದಕ್ಷರ ಬಿಡದೆ ಆಡಿದೆ. ಆಮೇಲೆ ಅವರತ್ತ ನೋಡುತ್ತ ನಿಂತೆ. ಅವರು ಶಾಲಿನ ಅಂಚು ತಿರುವುತ್ತ ಕೂತಿದ್ದರು.

ಮೆಟ್ಟಿಲು ಇಳಿಯುವಾಗ ನನ್ನ ಪಕ್ಕ ನಿಂತು ಮೆಲ್ಲಗೆ ಹೇಳಿದರು: "ಇನ್ನಾದರೂ ಬಿಡಮ್ಮ. ಅವರೂ ಹೋದರು. ನಾನೂ ನಿವೃತ್ತನಾದೆ."

"ನಾ ಇನ್ನೂ ಆಗಿಲ್ರಿ," ಅಂದೆ.